ಪುಟಾಣಿ ಕಾರಿಗೆ ಹಳೇ ತುಕ್ಕು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಸ್ಕೇಲ್ ಮಾಡೆಲ್ ಕಾರುಗಳಿಗೆ, ಅಂದರೆ ನಿಜವಾದ ಕಾರಿನ ಅಳತೆಯನ್ನೇ ಕುಗ್ಗಿಸಿ ಮಾಡಿದ ಪುಟಾಣಿ ಕಾರುಗಳಿಗೆ, ತುಕ್ಕು ಹಿಡಿದಂತೆ ಕಾಣುವ ಬಣ್ಣ ಹಚ್ಚುವ ಬಗ್ಗೆ ಇದೇ ಅಂಕಣದಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪ್ರಶ್ನೆ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲ ಪೂರ್ತಿ ತುಕ್ಕಿನದ್ದೇ ಮಾತು. ಬೇರೆ ವಿಷಯ ಕೇಳಿದವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು.

ಪ್ರಶ್ನೆ: ಅಪ್ಪ ತುಂಬಾ ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದರು. ಆಮೇಲೆ ಅದು ಹಿತ್ತಲಲ್ಲಿ ಮಳೆಗೆ ನೆನೆಯುತ್ತಾ ನಿಂತಿತ್ತು, ಕೊನೆಗೆ ಗುಜರಿಗೆ ಹೋಯಿತು. ಅದೇ ಸ್ಥಿತಿಯ ಮಾಡೆಲ್ ಮಾಡಬೇಕು ಅಂತ ಆಸೆ. ಆಟಿಕೆ ಅಂಬಾಸಿಡರ್ ತಂದು ಮೈಪೂರ್ತಿ ಕಂದು ಬಣ್ಣ ಹಚ್ಚಿದೆ. ಚಾಕೊಲೇಟ್‌ನಲ್ಲಿ ಅದ್ದಿ ತೆಗೆದ ಹಾಗೆ ಕಾಣುತ್ತಿದೆ ಸರ್. ಏನು ಮಾಡಲಿ?
– ಕುಂದಾಪುರದ ಓದುಗರು

ಉತ್ತರ: ಬಣ್ಣದ ಡಬ್ಬಿ ಪಕ್ಕಕ್ಕಿಡಿ. ಮೊದಲು ನೀರು ಎಲ್ಲಿ ನಿಲ್ಲುತ್ತದೆ ಅಂತ ಯೋಚನೆ ಮಾಡಿ. ತುಕ್ಕು ಸಿಕ್ಕಸಿಕ್ಕಲ್ಲಿ ಬರುವುದಿಲ್ಲ, ನೀರು ನಿಂತ ಕಡೆ ಬರುತ್ತದೆ. ಅಂಬಾಸಿಡರ್‌ನಲ್ಲಿ ಅಂಥ ಜಾಗಗಳು ಯಾವುವು? ಛಾವಣಿ ಅಂಚಿನ ಸಣ್ಣ ಗಟರು, ಮುಂದಿನ ಗಾಜಿನ ರಬ್ಬರ್ ಬೀಡಿಂಗ್‌ನ ಕೆಳಗಿನ ಎರಡು ಮೂಲೆ, ಹೆಡ್‌ಲೈಟ್ ಸುತ್ತಲಿನ ಬಳೆ, ಚಕ್ರದ ಕೆಸರು ಹೋಗಿ ಮೆತ್ತಿಕೊಳ್ಳುವ ಮಡ್‌ಗಾರ್ಡ್ ಒಳಮೈ, ಡಿಕ್ಕಿಯ ತಳ, ಎಲ್ಲಕ್ಕಿಂತ ಜಾಸ್ತಿ ಬಾಗಿಲಿನ ಕೆಳಅಂಚು.

ಬಾಗಿಲಿನ ಕಥೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಕಿಟಕಿ ಗಾಜಿನ ಮೇಲೆ ಬಿದ್ದ ಮಳೆನೀರು ಗಾಜಿನ ಸಂದಿಯಿಂದ ಬಾಗಿಲ ಒಳಗೇ ಇಳಿಯುತ್ತದೆ. ಅದು ಹೊರಗೆ ಹೋಗಲಿ ಅಂತ ಕೆಳಗೆ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಧೂಳು, ತರಗೆಲೆ ಸೇರಿ ಆ ತೂತು ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ, ತುಕ್ಕು ತಗಡನ್ನು ಒಳಗಿನಿಂದ ತಿನ್ನಲು ಶುರು ಮಾಡುತ್ತದೆ. ಕಬ್ಬಿಣಕ್ಕಿಂತ ಅದರ ತುಕ್ಕಿಗೆ ಜಾಗ ಜಾಸ್ತಿ ಬೇಕು. ಅದು ಉಬ್ಬಿ ಹೊರಗಿನ ಬಣ್ಣವನ್ನು ತಳ್ಳುತ್ತದೆ. ಅಂದರೆ ಹೊರಗೆ ಮೊದಲು ಕಾಣುವುದು ಕಂದು ಕಲೆ ಅಲ್ಲ, ಬಣ್ಣದ ಗುಳ್ಳೆ. ಗುಳ್ಳೆ ಒಡೆದ ಮೇಲೆ ಕಲೆ, ಆಮೇಲೆ ತೂತು. ನಿಮ್ಮ ಮಾಡೆಲ್‌ನಲ್ಲಿ ಈ ಮೂರೂ ಹಂತ ಬೇರೆ ಬೇರೆ ಜಾಗದಲ್ಲಿ ಕಾಣಬೇಕು. ಒಂದು ಬಾಗಿಲಿಗೆ ಬರೀ ಗುಳ್ಳೆ, ಇನ್ನೊಂದಕ್ಕೆ ತೂತು, ಅಷ್ಟು ಸಾಕು.

ಛಾವಣಿ, ಬಾನೆಟ್ ವಿಷಯ ಬೇರೆ. ಅಲ್ಲಿ ಮೊದಲ ಶತ್ರು ಬಿಸಿಲು. ಬಣ್ಣ ಸುಣ್ಣದ ಪುಡಿಯಂತಾಗಿ ಬಿಳಿಚಿಕೊಳ್ಳುತ್ತದೆ, ತೆಳುವಾಗಿ ಕೆಳಗಿನ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಹಚ್ಚಿದ ಅಡಿಪದರ, ಇಣುಕುತ್ತದೆ. ಅದೂ ಹೋದ ಮೇಲೆ ತೆಳ್ಳನೆಯ ತುಕ್ಕು ಹರಡಿಕೊಳ್ಳುತ್ತದೆ, ತೂತು ಬೀಳುವುದು ಕಡಿಮೆ. ಮೇಲೆ ಹರಡಿದ ತುಕ್ಕು, ಕೆಳಗೆ ಕೊರೆದ ತುಕ್ಕು. ಇವೆರಡನ್ನೂ ಒಂದೇ ಬಣ್ಣದಲ್ಲಿ, ಒಂದೇ ಬ್ರಷ್‌ನಲ್ಲಿ ಮಾಡಲು ಹೋದರೆ ಮತ್ತೆ ಅದೇ ಚಾಕೊಲೇಟ್.

ಇನ್ನೊಂದು ಮಾತು. ಅದು ಟ್ಯಾಕ್ಸಿ ಅಂದರೆ ಯಾವತ್ತೋ ಒಂದು ಸಲ ಟಿಂಕರಿಂಗ್ ಆಗಿರಲೇಬೇಕು. ಒಂದು ಮಡ್‌ಗಾರ್ಡ್‌ನ ಬಣ್ಣ ಉಳಿದದ್ದಕ್ಕಿಂತ ಸ್ವಲ್ಪ ಬೇರೆ ಇರಲಿ. ಅದರ ಬಣ್ಣ ಎದ್ದ ಕಡೆ ಕೆಳಗೆ ಪುಟ್ಟಿಯ ಬೂದು, ಅದರ ಪಕ್ಕ ರೆಡ್ ಆಕ್ಸೈಡ್ ಪ್ರೈಮರ್‌ನ ಕೆಂಪು ಕಾಣಲಿ. ನೋಡಿದವರಿಗೆ ಇದು ದುಡಿದ ಕಾರು ಅಂತ ತಾನಾಗಿ ಗೊತ್ತಾಗುತ್ತದೆ.

ಪ್ರಶ್ನೆ: ಹೇರ್‌ಸ್ಪ್ರೇ ಹೊಡೆದು ಬಣ್ಣ ಕಿತ್ತುಹೋದಂತೆ ತೋರಿಸುವ ವಿಧಾನ ಮಾಡಿ ನೋಡಿದೆ. ಮೊದಲನೇ ಸಲ ಏನೂ ಕಿತ್ತುಬರಲಿಲ್ಲ. ಎರಡನೇ ಸಲ ಇಡೀ ಬಾಗಿಲ ಬಣ್ಣ ಹಾಳೆಯಂತೆ ಎದ್ದುಬಂತು.
– ಹುಬ್ಬಳ್ಳಿಯ ವಿದ್ಯಾರ್ಥಿ

ಉತ್ತರ: ಎರಡಕ್ಕೂ ಕಾರಣ ಇದೆ. ಹೇರ್‌ಸ್ಪ್ರೇ ಒಣಗಿದರೂ ನೀರು ತಾಗಿದರೆ ಮತ್ತೆ ಕರಗುತ್ತದೆ. ಈ ಇಡೀ ಆಟ ನಿಂತಿರುವುದು ಅದರ ಮೇಲೆ. ಮೇಲಿನ ಬಣ್ಣದೊಳಗೆ ನೀರು ಇಳಿದರೆ ಮಾತ್ರ ಕೆಳಗಿನ ಪದರ ಕರಗಿ ಬಣ್ಣ ಸಡಿಲ ಆಗುತ್ತದೆ. ನೀವು ಮೊದಲ ಸಲ ಮೇಲೆ ಎನಾಮಲ್ ಅಥವಾ ಅಂಗಡಿಯ ಸ್ಪ್ರೇ ಡಬ್ಬಿ ಬಳಸಿದ್ದೀರಿ ಅಂತ ನನ್ನ ಊಹೆ, ಅದರಲ್ಲಿ ನೀರು ಇಳಿಯುವುದಿಲ್ಲ. ಎರಡನೇ ಸಲ ಹೇರ್‌ಸ್ಪ್ರೇ ದಪ್ಪ ಆಗಿರಬೇಕು, ಇಲ್ಲವೇ ನೀರು ಜಾಸ್ತಿ ಆಗಿರಬೇಕು.

ಕ್ರಮ ಹೀಗಿರಲಿ. ಪ್ರೈಮರ್ ಮೇಲೆ ತುಕ್ಕಿನ ಬಣ್ಣ ಹಚ್ಚಿ. ಬ್ರಷ್ ಬೇಡ, ಪಾತ್ರೆ ತಿಕ್ಕುವ ಸ್ಪಂಜಿನ ಒಂದು ಚೂರು ಹರಿದುಕೊಂಡು ಕಡುಕಂದು, ಕೆಂಗಂದು, ಕಿತ್ತಳೆ ಬಣ್ಣಗಳನ್ನು ಒಂದರ ಮೇಲೊಂದು ತಟ್ಟಿ. ಇದು ಚೆನ್ನಾಗಿ ಒಣಗಿದ ಮೇಲೆ ಕ್ಲಿಯರ್ ವಾರ್ನಿಷ್ ಹೊಡೆದು ಒಂದು ರಾತ್ರಿ ಬಿಡಿ. ಈ ವಾರ್ನಿಷ್ ಹೊಡೆಯದಿದ್ದರೆ ಆಮೇಲೆ ಉಜ್ಜುವಾಗ ತುಕ್ಕೂ ಎದ್ದುಹೋಗುತ್ತದೆ. ಆಮೇಲೆ ಹೇರ್‌ಸ್ಪ್ರೇ, ಒಂದಡಿ ದೂರದಿಂದ, ಎರಡು ತೆಳು ಸುತ್ತು. ಅದು ಒಣಗಿದ ಮೇಲೆ ಕಾರಿನ ಬಣ್ಣ. ಅಕ್ರಿಲಿಕ್ ಆಗಿರಬೇಕು, ನೀರಿನಲ್ಲೇ ತೆಳು ಮಾಡಿರಬೇಕು. ಮುಟ್ಟಿದರೆ ಅಂಟದಷ್ಟು ಒಣಗಿದ ಕೂಡಲೇ ಕೆಲಸ ಶುರು ಮಾಡಿ. ನಾಳೆ ಮಾಡೋಣ ಅಂತ ಬಿಟ್ಟರೆ ಬಣ್ಣ ಗಟ್ಟಿಯಾಗಿ ಬಿಡುತ್ತದೆ, ಅದರಲ್ಲೂ ಕ್ಯಾಮ್ಲಿನ್‌ನಂಥ ಚಿತ್ರಕಲೆಯ ಅಕ್ರಿಲಿಕ್ ರಬ್ಬರಿನಂತೆ ಹಿಡಿದುಕೊಳ್ಳುತ್ತದೆ. ಬೇಕಾದ ಜಾಗಕ್ಕಷ್ಟೇ ಬೆಚ್ಚನೆಯ ನೀರು ಸವರಿ, ಒಂದು ನಿಮಿಷ ಬಿಟ್ಟು, ಹಳೇ ಗಟ್ಟಿ ಬ್ರಷ್‌ನಿಂದ ಚುಚ್ಚಿ ಚುಚ್ಚಿ ಎಬ್ಬಿಸಿ. ಗೆರೆ ಬೇಕಿದ್ದರೆ ಹಲ್ಲುಕಡ್ಡಿ. ಇಡೀ ಕಾರು ಒದ್ದೆ ಮಾಡಬೇಡಿ.

ಮುಗಿದ ಮೇಲೆ ಮ್ಯಾಟ್ ವಾರ್ನಿಷ್ ಮರೆಯಬೇಡಿ. ಒಳಗೆ ಹೇರ್‌ಸ್ಪ್ರೇ ಹಾಗೇ ಇದೆ, ಮುಂದೆ ಯಾವಾಗಲಾದರೂ ಒದ್ದೆ ಕೈ ತಾಗಿದರೆ ಮತ್ತೆ ಏಳುತ್ತದೆ. ಅಂದಹಾಗೆ ಹೇರ್‌ಸ್ಪ್ರೇಗೆ ಬೆಂಕಿ ಬೇಗ ಹತ್ತುತ್ತದೆ. ಅಡುಗೆಮನೆ, ದೇವರಮನೆ ಹತ್ತಿರ ಬೇಡ.

ಪ್ರಶ್ನೆ: ಎಕೆ ಇಂಟರಾಕ್ಟಿವ್, ವ್ಯಾಲೆಜೋ ಅಂತ ಸ್ಪೇನ್ ಕಂಪನಿಗಳ ತುಕ್ಕಿನ ಪುಡಿ ಬರುತ್ತದಲ್ಲ, ಪುಟ್ಟ ಬಾಟಲಿಯ ರೇಟು ನೋಡಿ ಸುಸ್ತಾದೆ. ಬೇರೆ ದಾರಿ ಇದೆಯಾ?
– ದಾವಣಗೆರೆ

ಉತ್ತರ: ಇದೆ, ನಿಮ್ಮ ಬೀದಿಯ ಹಾರ್ಡ್‌ವೇರ್ ಅಂಗಡಿಯಲ್ಲೇ ಇದೆ. ನೆಲಕ್ಕೆ ಹಾಕುವ ರೆಡ್ ಆಕ್ಸೈಡ್ ಪುಡಿ ಕೇಳಿ. ನಮ್ಮ ಹಳೇ ಮನೆಗಳ ನುಣುಪಾದ ಕೆಂಪು ನೆಲ ಅದರದ್ದೇ. ಅದು ಐರನ್ ಆಕ್ಸೈಡ್, ಅಂದರೆ ಹತ್ತಿರ ಹತ್ತಿರ ತುಕ್ಕೇ! ಅದೇ ಅಂಗಡಿಯಲ್ಲಿ ಹಳದಿ ಮತ್ತು ಕಪ್ಪು ಆಕ್ಸೈಡ್ ಕೂಡ ಸಿಗುತ್ತವೆ. ನಿಜವಾದ ತುಕ್ಕು ಕೂಡ ಒಂದೇ ಬಣ್ಣದ್ದಲ್ಲ, ಅದರಲ್ಲೂ ಹಳದಿ ಛಾಯೆಯ, ಕೆಂಪು ಛಾಯೆಯ, ಕಪ್ಪು ಛಾಯೆಯ ಬೇರೆ ಬೇರೆ ಕಬ್ಬಿಣದ ಆಕ್ಸೈಡ್‌ಗಳು ಬೆರೆತಿರುತ್ತವೆ. ಈ ಮೂರು ಪುಡಿ ಇದ್ದರೆ ನೀವು ಯಾವ ತುಕ್ಕನ್ನಾದರೂ ಕಲಸಬಹುದು. ಕೆಂಪಿಗೆ ಹಳದಿ ಜಾಸ್ತಿ ಹಾಕಿದರೆ ಹೊಸ ತುಕ್ಕಿನ ಕಿತ್ತಳೆ. ಕಪ್ಪು ಜಾಸ್ತಿ ಹಾಕಿದರೆ ವರ್ಷಗಟ್ಟಲೆ ಹಳೆಯ ತುಕ್ಕು. ಬರೀ ಕೆಂಪು ಹಾಕಬೇಡಿ, ಅದು ತುಕ್ಕಿಗಿಂತ ತುಂಬಾ ಕೆಂಪು. ಹಬ್ಬಕ್ಕೆ ಹೊಸ್ತಿಲಿಗೆ ಹಚ್ಚುವ ಕೆಮ್ಮಣ್ಣೂ ನಡೆಯುತ್ತದೆ, ಅದರ ಕೆಂಪಿಗೂ ಕಬ್ಬಿಣದ ಆಕ್ಸೈಡೇ ಕಾರಣ.

ಪುಡಿಯನ್ನು ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಿ. ಒಣ ಬ್ರಷ್‌ನಿಂದ ಹಚ್ಚಿ, ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ತೊಟ್ಟು ಬಿಡಿ. ಅದು ಆರಿದ ಮೇಲೆ ಪುಡಿ ತಕ್ಕಮಟ್ಟಿಗೆ ಹಿಡಿದುಕೊಂಡಿರುತ್ತದೆ. ಮೂಗಿಗೆ ಮಾಸ್ಕ್ ಇರಲಿ. ನೆಲದ ಮೇಲೆ ಚೆಲ್ಲಿದರೆ ಒಣಬಟ್ಟೆಯಲ್ಲಿ ಒರೆಸಿ. ಒದ್ದೆ ಬಟ್ಟೆ ತಂದಿರೋ, ಆಕ್ಸೈಡ್ ತನ್ನ ಮೂಲ ಕೆಲಸ ಶುರು ಮಾಡುತ್ತದೆ, ನೆಲಕ್ಕೆ ಬಣ್ಣ ಹಾಕುವುದು.

ಪ್ರಶ್ನೆ: ನಾವು ಅಮೆರಿಕದ ಮಿಶಿಗನ್‌ನಲ್ಲಿದ್ದೇವೆ. 1:24 ಅಳತೆಯ, ಅಂದರೆ ನಿಜವಾದ ಗಾಡಿಯ ಇಪ್ಪತ್ತನಾಲ್ಕನೇ ಒಂದು ಪಾಲಿನ, ಹಳೇ ಫೋರ್ಡ್ ಪಿಕಪ್ ಕಿಟ್ ತಂದಿದ್ದೇನೆ. ಊರಿನ ತುಕ್ಕಿಗೂ ಇಲ್ಲಿನ ತುಕ್ಕಿಗೂ ವ್ಯತ್ಯಾಸ ಇದೆಯಾ?

ಉತ್ತರ: ಒಳ್ಳೇ ಪ್ರಶ್ನೆ. ಖಂಡಿತ ಇದೆ. ನಿಮ್ಮಲ್ಲಿ ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಡೆಟ್ರಾಯಿಟ್ ನಗರದ ಕೆಳಗೇ ಉಪ್ಪಿನ ಗಣಿ ಇದೆಯಲ್ಲ! ಕಾರು ತಯಾರಾಗುವ ಊರಿನ ಅಡಿಯಲ್ಲೇ ಕಾರು ತಿನ್ನುವ ಉಪ್ಪು. ಆ ಉಪ್ಪುನೀರು ಚಕ್ರದಿಂದ ಮೇಲಕ್ಕೆ ಚಿಮ್ಮುತ್ತದೆ, ಹಾಗಾಗಿ ಅಲ್ಲಿನ ಗಾಡಿ ಕೆಳಗಿನಿಂದ ಮೇಲಕ್ಕೆ ಕೊಳೆಯುತ್ತದೆ. ಚಕ್ರದ ಮೇಲಿನ ಕಮಾನು, ಬಾಗಿಲ ಕೆಳಗಿನ ಉದ್ದ ಪಟ್ಟಿ, ಚಾಸಿ, ಇವು ಲೇಸಿನ ಬಟ್ಟೆಯಂತೆ ತೂತು ಬಿದ್ದಿರುತ್ತವೆ, ಆದರೆ ಛಾವಣಿ ಫಳಫಳ ಅನ್ನುತ್ತಿರಬಹುದು. ನಿಮ್ಮ ಪಿಕಪ್ಪಿಗೆ ಸೊಂಟದ ಮೇಲೆ ತುಕ್ಕು ಹಚ್ಚುವ ಮುಂಚೆ ಎರಡು ಸಲ ಯೋಚಿಸಿ. ಕೆಳಭಾಗಕ್ಕೆ ಬೂದುಬಿಳಿ ಬಣ್ಣವನ್ನು ತುಂಬಾ ನೀರಾಗಿಸಿ ಸವರಿದರೆ ಉಪ್ಪಿನ ಕಲೆ ಬರುತ್ತದೆ.

ನಮ್ಮ ಕರಾವಳಿಯಲ್ಲಿ ಉಪ್ಪು ರಸ್ತೆಯಿಂದಲ್ಲ, ಗಾಳಿಯಿಂದ ಬರುತ್ತದೆ. ಹಾಗಾಗಿ ಅದು ಕೆಳಗೆ ಮೇಲೆ ಅಂತ ನೋಡುವುದಿಲ್ಲ, ಮಿರರ್‌ನ ಕಡ್ಡಿ, ವೈಪರ್ ತೋಳು, ಸ್ಕ್ರೂ ತಲೆ ಯಾವುದನ್ನೂ ಬಿಡುವುದಿಲ್ಲ. ವಿಜಯಪುರ, ಕಲಬುರಗಿ ಕಡೆ ನಿಂತ ಕಾರಾದರೆ ಬಣ್ಣ ಬೆಂದು ಬಿಳಿಚಿರುತ್ತದೆ, ಟೈರು ಸೀಳಿರುತ್ತದೆ, ತುಕ್ಕು ತೆಳ್ಳಗಿರುತ್ತದೆ. ಕಾರು ಯಾವ ಊರಿನದ್ದು ಅಂತ ಮೊದಲೇ ತೀರ್ಮಾನ ಮಾಡಿ ಅಂತ ನಾನು ಬಡಿದುಕೊಳ್ಳುವುದು ಇದಕ್ಕೇ.

ಪ್ರಶ್ನೆ: ನನ್ನ ಹತ್ತಿರ ಇರುವುದೆಲ್ಲಾ 1:64ರ ಹಾಟ್ ವೀಲ್ಸ್ ಆಟಿಕೆ ಕಾರುಗಳು. ಅವಕ್ಕೂ ಇದೇ ರೀತಿ ಮಾಡಬಹುದಾ? ಲೋಹದ್ದೇ ಅಲ್ವಾ, ವಿನೆಗರ್‌ನಲ್ಲಿ ಹಾಕಿದರೆ ತಾನೇ ತುಕ್ಕು ಹಿಡಿಯುತ್ತದೆ ಅಂತ ಸ್ನೇಹಿತ ಹೇಳಿದ.
– ಕಲಬುರಗಿ

ಉತ್ತರ: ಸ್ನೇಹಿತ ಹೇಳಿದ್ದು ಆಗುವ ಕೆಲಸ ಅಲ್ಲ. ಆ ಕಾರುಗಳ ಲೋಹದ ಮೈ ಸತುವಿನ ಮಿಶ್ರಲೋಹ, ಕಬ್ಬಿಣ ಇಲ್ಲ, ಆದ್ದರಿಂದ ಕೆಂಪು ತುಕ್ಕು ಬರುವುದಿಲ್ಲ. ಬಣ್ಣದಲ್ಲೇ ಮಾಡಬೇಕು. ಲೆಕ್ಕ ಮಾತ್ರ ನೆನಪಿರಲಿ. 1:64ರಲ್ಲಿ ಒಂದು ಮಿಲಿಮೀಟರ್ ಕಲೆ ಅಂದರೆ ನಿಜವಾದ ಕಾರಿನಲ್ಲಿ ಸುಮಾರು ಆರೂವರೆ ಸೆಂಟಿಮೀಟರ್, ಅಂಗೈಯ ಮುಕ್ಕಾಲು ಭಾಗ! ಉಪ್ಪಿನ ಹರಳು ಅಂಟಿಸಿ ಬಣ್ಣ ಹೊಡೆದು ಆಮೇಲೆ ಹರಳು ಉದುರಿಸುವ ವಿಧಾನ ಇದೆಯಲ್ಲ, ಅದು 1:24ಕ್ಕೆ ಚೆನ್ನ, ಇಷ್ಟು ಸಣ್ಣದಕ್ಕೆ ಹರಳೇ ದೊಡ್ಡದಾಗುತ್ತದೆ. ಇಲ್ಲಿ ಪುಡಿ ಮತ್ತು ನೀರಾಗಿಸಿದ ಬಣ್ಣ ಸಾಕು. ಬಣ್ಣವೂ ಒಂದು ಛಾಯೆ ತಿಳಿ ಇರಲಿ, ಸಣ್ಣ ವಸ್ತುವಿನ ಮೇಲೆ ಕಡುಬಣ್ಣ ಇನ್ನೂ ಕಪ್ಪಾಗಿ ಕಾಣುತ್ತದೆ.

ಪ್ರಶ್ನೆ: ಹನ್ನೆರಡು ವರ್ಷದ ಮಗ ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ವಿನೆಗರ್‌ನಲ್ಲಿ ನೆನೆಹಾಕಿ ನಿಜವಾದ ತುಕ್ಕು ಮಾಡ್ತೀನಿ ಅಂತ ಕೂತಿದ್ದಾನೆ. ಬಿಡಬಹುದಾ?
– ಮೈಸೂರಿನ ತಾಯಿ

ಉತ್ತರ: ಬಿಡಿ, ಆದರೆ ನೀವೂ ಪಕ್ಕದಲ್ಲಿರಿ. ಹೊಳೆಯುವ ಸ್ಟೇನ್‌ಲೆಸ್ ಸ್ಕ್ರಬ್ಬರ್ ನಡೆಯುವುದಿಲ್ಲ, ಹಾರ್ಡ್‌ವೇರ್ ಅಂಗಡಿಯ ನುಣುಪು ಸ್ಟೀಲ್ ವುಲ್ ಬೇಕು. ಸೋಪುನೀರಿನಲ್ಲಿ ತೊಳೆದು ಎಣ್ಣೆ ತೆಗೆದು, ವಿನೆಗರ್‌ನಲ್ಲಿ ಅದ್ದಿ, ಹೊರತೆಗೆದು ತೇವವಾಗಿಯೇ ಗಾಳಿಗೆ ಬಿಟ್ಟರೆ ಒಂದೆರಡು ದಿನದಲ್ಲಿ ಕೆಂಪಾಗುತ್ತದೆ. ಒಣಗಿದ ಮೇಲೆ ಉಜ್ಜಿದರೆ ಪುಡಿ ಉದುರುತ್ತದೆ. ಎರಡು ವಿಷಯ ಮಾತ್ರ ಕಟ್ಟುನಿಟ್ಟು. ಸ್ಟೀಲ್ ವುಲ್ ಇರುವ ವಿನೆಗರ್ ಬಾಟಲಿಯ ಮುಚ್ಚಳ ಬಿಗಿಯಬಾರದು, ಒಳಗೆ ಹೈಡ್ರೋಜನ್ ಅನಿಲ ಹುಟ್ಟುತ್ತದೆ. ಬೇಗ ಆಗಲಿ ಅಂತ ಬಟ್ಟೆಗೆ ಹಾಕುವ ಬ್ಲೀಚನ್ನು ವಿನೆಗರ್‌ಗೆ ಬೆರೆಸಲೇಬಾರದು, ಅದರಿಂದ ಬರುವ ಕ್ಲೋರಿನ್ ವಿಷ. ಇಷ್ಟು ಕಷ್ಟಪಟ್ಟರೂ ಸಿಗುವುದು ದಾವಣಗೆರೆಯವರಿಗೆ ಹೇಳಿದ ಆ ಪುಡಿಯಂಥದ್ದೇ, ಆದರೆ ಹುಡುಗನಿಗೆ ರಸಾಯನಶಾಸ್ತ್ರದ ಒಂದು ಪಾಠ ಪುಕ್ಕಟೆ.

ಪ್ರಶ್ನೆ: ತುಕ್ಕು ತಿಂದು ತೂತಾದ ತಗಡು ಹೇಗೆ ತೋರಿಸುವುದು? ಡ್ರಿಲ್ ಮಾಡಿದರೆ ತೂತಿನ ಅಂಚು ದಪ್ಪ ಕಾಣುತ್ತದೆ.
– ಬೆಂಗಳೂರು, ರಾಜಾಜಿನಗರ

ಉತ್ತರ: ಕಾಣಲೇಬೇಕು. 1:24ರ ಕಿಟ್‌ನ ಪ್ಲಾಸ್ಟಿಕ್ ಒಂದು ಮಿಲಿಮೀಟರ್ ದಪ್ಪ ಇದ್ದರೆ ಅದು ಸುಮಾರು ಎರಡೂವರೆ ಸೆಂಟಿಮೀಟರ್ ತಗಡಿಗೆ ಸಮ, ಅಂಥ ಕಾರು ಮಿಲಿಟರಿಯಲ್ಲೇ ಇರಬೇಕು. ನಿಜವಾದ ತಗಡು ಸುಮಾರು ಒಂದು ಮಿಲಿಮೀಟರ್. ಆದ್ದರಿಂದ ಒಳಗಿನಿಂದ ಪ್ಲಾಸ್ಟಿಕ್ ಕೆರೆಯುತ್ತಾ ಹೋಗಿ, ಬಾಗಿದ ಬ್ಲೇಡ್ ಅಥವಾ ಸಣ್ಣ ಗ್ರೈಂಡರ್ ಬಿಟ್ ಸಾಕು. ಆಗಾಗ ಬಲ್ಬಿಗೆ ಹಿಡಿದು ನೋಡಿ. ಬೆಳಕು ಹಾಯುವಷ್ಟು ತೆಳುವಾದಾಗ ನಿಲ್ಲಿಸಿ, ಸೂಜಿಯಿಂದ ಚುಚ್ಚಿ ಅಂಚನ್ನು ಅಂಕುಡೊಂಕಾಗಿ ಹರಿಯಿರಿ. ದುಂಡನೆಯ ತೂತು ತುಕ್ಕಿನದ್ದಲ್ಲ, ಗುಂಡಿನದ್ದು.

ಸುರುಳಿ ಸುತ್ತಿದ, ಹರಿದು ಜೋತುಬಿದ್ದ ತಗಡು ಬೇಕಿದ್ದರೆ ಆ ಭಾಗವನ್ನೇ ಕತ್ತರಿಸಿ ತೆಗೆದು ತಂಪು ಪಾನೀಯದ ಕ್ಯಾನ್‌ನ ತಗಡು ಹಾಕಿ. ಅದರ ದಪ್ಪ ಸುಮಾರು 0.1 ಮಿಲಿಮೀಟರ್. ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಇನ್ನೂ ತೆಳು, ಸೊಟ್ಟಾದ ನಂಬರ್ ಪ್ಲೇಟಿಗೆ ಚೆನ್ನ. ಬಣ್ಣದ ಗುಳ್ಳೆ ಬೇಕಾದವರು ಅಲ್ಲಲ್ಲಿ ಫೆವಿಕ್ವಿಕ್ ಸಣ್ಣ ತೊಟ್ಟಿಟ್ಟು ಅದರ ಮೇಲೆ ಅಡುಗೆ ಸೋಡಾ ಚಿಟಿಕೆ ಉದುರಿಸಿ, ಗಟ್ಟಿಯಾದ ಮೇಲೆ ಸ್ಯಾಂಡ್ ಪೇಪರ್‌ನಿಂದ ಸ್ವಲ್ಪ ತಗ್ಗಿಸಿ ಬಣ್ಣ ಹೊಡೆಯಿರಿ.

ಪ್ರಶ್ನೆ: ಮಳೆಗಾಲದಲ್ಲಿ ಲ್ಯಾಕರ್ ಸ್ಪ್ರೇ ಹೊಡೆದರೆ ಬಣ್ಣದ ಮೇಲೆ ಬಿಳಿ ಮಂಜು ಕೂತಂತಾಗುತ್ತದೆ. ಡಬ್ಬಿ ಕೆಟ್ಟಿದೆಯಾ?
– ಸಾಗರ

ಉತ್ತರ: ಡಬ್ಬಿ ಸರಿ ಇದೆ, ಹವಾ ಸರಿ ಇಲ್ಲ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲಿ ಕೂರುತ್ತದೆ. ಮಲೆನಾಡಿನ ಆಷಾಢದಲ್ಲಿ ಲ್ಯಾಕರ್ ಬೇಡ, ಬ್ರಷ್‌ನಲ್ಲಿ ಅಕ್ರಿಲಿಕ್ ಹಚ್ಚುವ ಕೆಲಸ ಇಟ್ಟುಕೊಳ್ಳಿ. ಈಗಾಗಲೇ ಬಿಳಿಚಿದ್ದರೆ ಬಿಸಿಲು ಬಿದ್ದ ದಿನ ಅದೇ ಲ್ಯಾಕರ್‌ನ ಇನ್ನೊಂದು ತೆಳು ಸುತ್ತು ಹೊಡೆಯಿರಿ, ಎಷ್ಟೋ ಸಲ ಸರಿಹೋಗುತ್ತದೆ. ಛಾವಣಿ ಮೇಲೆ ಬಿಳಿಚಿದ್ದರೆ ಹಾಗೇ ಬಿಡಿ, ಬಿಸಿಲಿಗೆ ಬೆಂದ ಬಣ್ಣ ಅಂತ ಹೇಳಿಕೊಳ್ಳಬಹುದು.

ಪ್ರಶ್ನೆ: ತುಕ್ಕು ಇಳಿದ ಗೆರೆಗಳು ಪೆನ್ಸಿಲ್ಲಿನಲ್ಲಿ ಎಳೆದಂತೆ ಕಾಣುತ್ತವೆ. ಗಾಜು, ಬಂಪರ್, ಟೈರಿಗೂ ತುಕ್ಕು ಹಚ್ಚಬೇಕಾ?
– ಶಿವಮೊಗ್ಗ, ತುಮಕೂರು ಓದುಗರು

ಉತ್ತರ: ಗೆರೆಗೆ ಆಯಿಲ್ ಪೇಂಟ್ ಬಳಸಿ, ಬರ್ಂಟ್ ಸಿಯೆನಾ ಅಂತ ಕೆಂಗಂದು ಬಣ್ಣದ ಟ್ಯೂಬ್ ಸಿಗುತ್ತದೆ. ತುಕ್ಕಿನ ಕೆಳಗೆ ಸೂಜಿಮೊನೆಯಷ್ಟು ಚುಕ್ಕಿ ಇಟ್ಟು, ಟರ್ಪೆಂಟೈನ್‌ನಲ್ಲಿ ಅದ್ದಿ ಒರೆಸಿದ ಚಪ್ಪಟೆ ಬ್ರಷ್‌ನಿಂದ ಕೆಳಕ್ಕೆ ಎಳೆಯಿರಿ. ಪೂರ್ತಿ ಮಾಯವಾಯಿತು ಅನ್ನಿಸುವಷ್ಟು ಎಳೆದರೇ ಸರಿ. ಅಡಿಯಲ್ಲಿ ಅಕ್ರಿಲಿಕ್ ಬಣ್ಣ, ಅದರ ಮೇಲೆ ಟರ್ಪೆಂಟೈನ್‌ನಲ್ಲಿ ಕರಗದ ವಾರ್ನಿಷ್ ಇದ್ದರೆ ಏನೂ ಆಗುವುದಿಲ್ಲ. ಒಂದು ಕಡೆ ಟೈರು ಪಂಕ್ಚರ್ ಆಗಿ ಕಾರು ವಾಲಿದೆಯಾ? ಹಾಗಾದರೆ ಗೆರೆಗಳು ಬಾಗಿಲಿನ ಗೆರೆಗೆ ಸಮನಾಗಿ ಇರಬಾರದು, ನೆಲಕ್ಕೆ ನೇರವಾಗಿ ಇರಬೇಕು. ನೀರಿಗೆ ಬಾಗಿಲು ಗೊತ್ತಿಲ್ಲ.

ಟೈರಿಗೆ, ಗಾಜಿಗೆ ತುಕ್ಕು ಬೇಡವೇ ಬೇಡ. ಕಪ್ಪು ಟೈರು ಬೂದು ಆಗಬೇಕು, ಅಷ್ಟೇ. ಗಾಳಿ ಹೋದ ಟೈರಿಗೆ ಕೆಳಗಡೆ ಉಜ್ಜಿ ಚಪ್ಪಟೆ ಮಾಡಿ, ಪಕ್ಕಕ್ಕೆ ಎಂ-ಸೀಲ್‌ನಿಂದ ಉಬ್ಬು ಕೊಡಿ. ಗಾಜಿಗೆ ಧೂಳು ಸಾಕು. ಬಂಪರ್ ಕ್ರೋಮ್ ಹಾಕಿದ ಉಕ್ಕು, ಅದರಲ್ಲಿ ಸೂಜಿ ಚುಚ್ಚಿದಂಥ ಕಂದು ಚುಕ್ಕಿಗಳು ಬರುತ್ತವೆ, ಪಟ್ಟೆಗಳಲ್ಲ.

ಪ್ರಶ್ನೆ: ಚೆನ್ನಾಗಿರೋ ಕಾರನ್ನು ದುಡ್ಡು ಕೊಟ್ಟು ತಂದು ಯಾಕಪ್ಪಾ ಹಾಳು ಮಾಡ್ತೀಯ ಅಂತ ಮನೆಯಲ್ಲಿ ಬೈತಾರೆ. ಏನು ಹೇಳಲಿ?
– ಹಾಸನ

ಉತ್ತರ: ಏನೂ ಹೇಳಬೇಡಿ. ಮುಗಿಸಿ ಶೋಕೇಸಿನಲ್ಲಿಡಿ. ಮನೆಗೆ ಬಂದ ನೆಂಟರು ಹೊಸ ಕಾರುಗಳನ್ನು ಬಿಟ್ಟು ಅದನ್ನೇ ಕೈಗೆತ್ತಿಕೊಳ್ಳುತ್ತಾರೆ. ಎತ್ತಿಕೊಂಡರೆ ಪುಡಿ ಉದುರುತ್ತದೆ ಅನ್ನುವುದೇ ನಿಮ್ಮ ಮುಂದಿನ ತಲೆನೋವು.

ಪ್ರಶ್ನೆ: ನೋಡಿ ಕಲಿಯಲು ತುಕ್ಕು ಹಿಡಿದ ಕಾರು ಎಲ್ಲಿ ಸಿಗುತ್ತದೆ?
– ಚಿತ್ರದುರ್ಗ

ಉತ್ತರ: ಯಾವುದಾದರೂ ಪೊಲೀಸ್ ಠಾಣೆಯ ಪಕ್ಕ ನೋಡಿ. ಕೇಸಿನಲ್ಲಿ ಹಿಡಿದು ತಂದು ನಿಲ್ಲಿಸಿದ ಗಾಡಿಗಳು ವರ್ಷಗಟ್ಟಲೆ ಅಲ್ಲೇ ಇರುತ್ತವೆ, ಬಾನೆಟ್ ಸಂದಿಯಿಂದ ಬಳ್ಳಿ ಬಂದಿರುತ್ತದೆ, ಚಕ್ರದ ಸುತ್ತ ಕಾಂಗ್ರೆಸ್ ಗಿಡ. ಫೋಟೊ ತೆಗೆಯುವ ಮುಂಚೆ ಒಳಗೆ ಹೋಗಿ ಒಂದು ಮಾತು ಕೇಳಿ, ಇಲ್ಲದಿದ್ದರೆ ನಿಮ್ಮ ಗಾಡಿಯೂ ಅದೇ ಸಾಲಿಗೆ ಸೇರೀತು. ಗುಜರಿ ಅಂಗಡಿಯವರು ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಫೋಟೊ ತೆಗೆಯುವಾಗ ಇಡೀ ಕಾರಿನದ್ದು ಒಂದು ಸಾಕು, ಉಳಿದದ್ದೆಲ್ಲಾ ಹತ್ತಿರದಿಂದ: ಬಾಗಿಲ ಕೆಳಅಂಚು, ಬೀಡಿಂಗ್ ಮೂಲೆ, ಹಿಂಜ್. ಹಳೇ ಕಲೆಯ ನಡುಭಾಗ ಎಷ್ಟು ಕಪ್ಪು, ಅಂಚು ಎಷ್ಟು ಕಿತ್ತಳೆ ಅಂತ ಅದರಲ್ಲೇ ಕಾಣುತ್ತದೆ. ಮೋಡ ಕವಿದ ದಿನ ಹೋಗಿ, ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಬಣ್ಣ ಸರಿಯಾಗಿ ಬರುವುದಿಲ್ಲ.